ಹಿಂದಿನ ಖೋಲಿಯ ಜೋಕಾಲಿ

ನಾಗರ ಪಂಚಮಿಯ ಮರುದಿನ ಮಧ್ಯಾಹ್ನ, ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಸದ್ದಿಲ್ಲದೆ ಜೋಳ ಹಸನು ಮಾಡುತ್ತಿದ್ದೆ. ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು. ಹಿಂದಿನ ಖೋಲಿಯಿಂದ ಮಾತ್ರ ಜೋಕಾಲಿಯ ಕಿರಕಿರ, ಅಲ್ಲಿ ಬಾಡಿಗೆಗಿದ್ದ ಶೋಭಾಳ ನಗು.

"ಅಕ್ಕಾರ, ಆಕಿ ಸುಮ್ಮನಾಗಲಿಲ್ಲಂದ್ರ ನಾವ ಮನಿ ಬಿಡ್ತೇವ್ರಿ" ಎಂದು ಆ ಹುಡುಗಿಯರಲ್ಲೊಬ್ಬಳಾದ ಕಾಜಲ್ ಬಂದು ದೂರಿದಳು.

"ಜೋಕಾಲಿ ನಿಂತಿಲ್ಲಂದ್ರ ಇವತ್ತ ಶೋಭಾನ್ನ ಖೋಲಿ ಬಿಡಸ್ತೇನಿ" ಎಂದಳು ಅವ್ವ.

ಆ ಮನೆಯಲ್ಲಿ ನನ್ನನ್ನು ನಗಿಸುತ್ತಿದ್ದವಳು ಶೋಭಾ ಒಬ್ಬಳೇ. ಜೋಕಾಲಿ ಬಿಚ್ಚಿಬಿಡೋಣವೆಂದು ಎದ್ದು ಹೋದೆ.

ಶೋಭಾ ಗೋಡೆಗೆ ಒರಗಿ ಶೇಂಗಾ ಉಂಡಿ ತಿನ್ನುತ್ತಿದ್ದಳು. ಖಾಲಿ ಜೋಕಾಲಿ ಜಂತಿಯ ಹತ್ತಿರದವರೆಗೆ ಜೀಕುತ್ತಿತ್ತು.

"ನಾ ಅಲ್ಲಕ್ಕಾ! ನಿನ್ನಿಯಿಂದ ಯಾರೋ ಕುಂತಾಳ. ನನಗೂ ಪಾಳಿ ಕೊಡವಲ್ಲಳು" ಎಂದು ನಕ್ಕಳು.

ಹಗ್ಗ ಹಿಡಿದೆ. ಆಳಿನ ಭಾರವಿತ್ತು. ಕೈಗೆ ತಾಗಿದ ಮಣೆ ಬೆಚ್ಚಗಿತ್ತು. ಹಸಿ ಅರಿಸಿನದ ವಾಸನೆ ಬಂತು. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಕಾಜಲ್‌ಗೂ ನಗು ತಡೆಯಲಾಗಲಿಲ್ಲ. ನನಗೂ ಹೆದರಿಕೆಯ ಬದಲು ಹಬ್ಬದ ಹುರುಪೇ ಬಂತು.

"ಸಂಜಿತನಕ ಇಳದು ಕುಂಡ್ರವಾ" ಎಂದು ಮೆಲ್ಲಗೆ ಕೇಳಿದೆ. "ಇಲ್ಲಂದ್ರ ಅವ್ವ ಶೋಭಾನ್ನ ಹೊರಗ ಹಾಕ್ತಾಳ."

ಹಗ್ಗ ಸರಕ್ಕನೆ ನನ್ನ ಕೈಯಿಂದ ಜಾರಿತು. ಜೋಕಾಲಿ ಇನ್ನಷ್ಟು ಎತ್ತರಕ್ಕೆ ಹೋಯಿತು.