ಮಾತು ಕಾಕೂದು, ಬಾಯಿ ಪೂರ್ವಾಳದು

"ಸಾಂಗ್ ತಿಲಾ! ಅವಳಿಗೆ ಹೇಳು!" ಎಂದರು ಮೇಲಿನ ಮನೆಯ ಸರಿತಾ ಕಾಕೂ, ಮರಾಠಿಯಲ್ಲಿ.

ಪೂರ್ವಾ ಬಾಯಿ ತೆರೆದಳು. ತೆರೆದವಳು ತಲೆ ಎತ್ತಿ ನೋಡಿದಳು.

ಎದುರಿಗೆ, ಅಡುಗೆಮನೆಯ ಬಾಗಿಲಿಗೆ ಆತುಕೊಂಡು ಹುಲಿಗೆವ್ವ ನಿಂತಿದ್ದಳು. ಐದನೇ ಕ್ಲಾಸಿನ ಪೂರ್ವಾಳಿಗಿಂತ ತುಸು ದೊಡ್ಡವಳು. ಕೈಯಲ್ಲಿ ನೆಲ ಒರೆಸುವ ಒದ್ದೆ ಬಟ್ಟೆ.

ಮರಾಠಿ ನಾಡಿನ ಕೊಂಢವಾ ಬಡಾವಣೆಯ ಆ ಬಿಲ್ಡಿಂಗಿನಲ್ಲಿ ಕನ್ನಡ ಬರುತ್ತಿದ್ದದ್ದು ಪೂರ್ವಾಳ ಮನೆಯವರಿಗೆ ಮಾತ್ರ. ಹುಲಿಗೆವ್ವಳಿಗೋ, ಕನ್ನಡ ಬಿಟ್ಟರೆ ಬೇರೆ ಏನೂ ಬಾರದು. ಪಕ್ಕದ ಬಿಲ್ಡಿಂಗ್ ಕಟ್ಟುವಾಗ ಅವಳ ಅವ್ವ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಕೆಲಸ ಮುಗಿದು ಅವಳು ಕುರಕುಂಭ ಎಂಬ ಊರಿನ ಕಡೆ ಹೊರಟಾಗ, "ಹುಡುಗಿ ನಮ್ಮಲ್ಲೇ ಇರಲಿ, ಶಾಲೆಗೆ ಕಳಿಸುತ್ತೇನೆ" ಎಂದಿದ್ದರು ಕಾಕೂ. ಅದನ್ನು ಆ ಅವ್ವನಿಗೆ ಕನ್ನಡದಲ್ಲಿ ಹೇಳಿದವಳು ಪೂರ್ವಾ. ಕಾಕೂ ಅವಳ ಕೆನ್ನೆ ಹಿಂಡಿ ಚಾಕ್ಲೇಟ್ ಕೊಟ್ಟಿದ್ದರು. ಪೂರ್ವಾ ಪೂರಿಯಂತೆ ಉಬ್ಬಿದ್ದಳು.

ಆಮೇಲೆ ದಿನವೂ ಮೇಲಿನಿಂದ ಕರೆ ಬರತೊಡಗಿತು. ಪಾತ್ರೆ ಸರಿಯಾಗಿ ತೊಳೆಯೆಂದು ಹೇಳು. ಗ್ಯಾಲರಿಯಲ್ಲಿ ನಿಲ್ಲಬೇಡವೆಂದು ಹೇಳು. ಶಾಲೆಯ ಸುದ್ದಿ ಮಾತ್ರ ಒಂದು ದಿನವೂ ಬರಲಿಲ್ಲ. ಕಾಕೂ ಪೇಟೆಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ, ಒಳಗೆ ಹುಲಿಗೆವ್ವ.

ಇವತ್ತು ಹುಲಿಗೆವ್ವ ತಾನಾಗಿಯೇ ಕೇಳಿದ್ದಳು. "ನಮ್ಮವ್ವಗ ಒಂದ್ ಫೋನ್ ಹಚ್ಚಿ ಕೊಡಂತ ಹೇಳ ಪೂರ್ವಾ. ನಾ ಹೊಕ್ಕೀನಿ ಅವ್ವನ ಹಂತ್ಯಾಕ."

ಪೂರ್ವಾ ಅದನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಕಾಕೂ ಕೆಂಡವಾದರು. "ಹೊಸ್ತಿಲು ದಾಟಿದರೆ ಪೊಲೀಸರು ಹಿಡಿದು ಒಳಗೆ ಹಾಕುತ್ತಾರೆ! ಸಾಂಗ್ ತಿಲಾ!"

ಇದು ಸುಳ್ಳು. ಹೇಳಿದರೆ ಹುಲಿಗೆವ್ವ ನಂಬುತ್ತಾಳೆ. ಹೇಳದಿದ್ದರೆ ಕಾಕೂ ಎದುರಿಗೇ ಇದ್ದಾರೆ. ಅವರಿಗೆ ಕನ್ನಡ ಬಾರದಿದ್ದರೇನು, 'ಪೊಲೀಸ್' ಎಂಬ ಮಾತು ಕಿವಿಗೆ ಬೀಳದಿದ್ದರೆ ಗೊತ್ತಾಗಿಯೇ ಆಗುತ್ತದೆ.

ಅವಳು ಬೈಯುವವರ ದನಿ ಮಾಡಿದಳು. "ಪೊಲೀಸ್ರು ನಿನ್ನ ಹಿಡಿಯೂದಿಲ್ಲ! ನಾ ನಮ್ಮ ಅಮ್ಮಗ ಹೇಳ್ತೀನಿ. ನಗಬ್ಯಾಡ, ತಲಿ ಕೆಳಗ ಹಾಕು!"

ಹುಲಿಗೆವ್ವಳ ಕಣ್ಣು ಒಂದು ಕ್ಷಣ ಅಗಲವಾದವು. ಮರುಕ್ಷಣವೇ ತಲೆ ತಗ್ಗಿಸಿದಳು.

"ನಾನು ಹೇಳಿದ್ದು ಇಷ್ಟೇ ಇಷ್ಟು. ನೀನು ಅಷ್ಟುದ್ದ ಏನು ಹೇಳಿದೆ?" ಕಾಕೂ ದಿಟ್ಟಿಸಿ ನೋಡಿದರು.

"ಕನ್ನಡ... ಸ್ವಲ್ಪ ಉದ್ದ ಇರುತ್ತೆ ಕಾಕೂ," ಎಂದಳು ಪೂರ್ವಾ ಮರಾಠಿಯಲ್ಲಿ.

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು. ಮನೆಗೆ ಬಂದವಳೇ ಎಲ್ಲ ಹೇಳಿದಳು.

"ದೊಡ್ಡವರ ವಿಷಯದಾಗ ನಾವು ಬಾಯಿ ಹಾಕಬಾರದವ್ವ," ಎಂದರು ಅಮ್ಮ. "ನಾಳೆ ಅವರ ಮುಖ ಹೆಂಗ ನೋಡೂದು?"

"ನಾ ಆಗಲೇ ಬಾಯಿ ಹಾಕೀನಲ್ಲಮ್ಮಾ! ಸಾಲಿಗೆ ಕಳಸ್ತಾರಂತ ಅವರವ್ವಗ ಹೇಳಿದಾಕಿ ನಾನ! ಈಗ ಹೊರಗಿಂದ ಕೀಲಿ ಹಾಕ್ತಾರ." ಪೂರ್ವಾ ಗಳಗಳನೆ ಅತ್ತುಬಿಟ್ಟಳು. "1098ಕ್ಕ ಫೋನ್ ಮಾಡ್ರಿ ಅಂತ ನಮ್ಮ ಟೀಚರ್ ಹೇಳ್ಯಾರ. ಮಕ್ಕಳಿಗೆ ತ್ರಾಸ ಆದ್ರ ಅವರು ಬರ್ತಾರಂತ."

ಅಮ್ಮನಿಗೂ ಹೆದರಿಕೆಯೇ. ಕೊನೆಗೆ ಎದ್ದು ಬಾಗಿಲು ಹಾಕಿಕೊಂಡು ಫೋನ್ ಕೈಗೆತ್ತಿಕೊಂಡರು.

ಮರುದಿನ ಮಧ್ಯಾಹ್ನ ಕಾಕೂ ಮನೆಗೆ ಪೊಲೀಸ್ ಮೇಡಂ ಬಂದರು, ಜೊತೆಗೆ ಹೆಲ್ಪ್‌ಲೈನಿನ ಹೆಂಗಸೊಬ್ಬರು. ಇಬ್ಬರಿಗೂ ಕನ್ನಡ ಬಾರದು. ಮತ್ತೆ ಪೂರ್ವಾಳಿಗೇ ಕರೆ ಬಂತು.

"ಮನೆ ಮಗಳ ಹಾಗೆ ಇಟ್ಟುಕೊಂಡಿದ್ದೆ!" ಎಂದು ಕಾಕೂ ಕೂಗಾಡುತ್ತಿದ್ದರು. ಪೂರ್ವಾಳನ್ನು ಕಂಡವರೇ ಅವಳನ್ನೇ ದುರುಗುಟ್ಟಿ ನೋಡಿದರು. ಅವಳು ಅಮ್ಮನ ಸೀರೆಯ ಸೆರಗು ಬಿಡಲಿಲ್ಲ.

"ಅವಳ ತಾಯಿಯನ್ನು ಹುಡುಕಿಸುತ್ತಿದ್ದೇವೆ, ನಮ್ಮ ಜೊತೆ ಬರುತ್ತಾಳಾ ಕೇಳು," ಎಂದರು ಮೇಡಂ ಮೆತ್ತಗೆ.

ಪೂರ್ವಾ ಹೇಳಿದಳು. ಹುಲಿಗೆವ್ವ ಹೊಸ್ತಿಲವರೆಗೆ ಬಂದು ನಿಂತುಬಿಟ್ಟಳು. ಒಮ್ಮೆ ಕಾಕೂನ ಕಡೆ, ಒಮ್ಮೆ ಪೊಲೀಸರ ಕಡೆ ನೋಡಿದಳು.

"ಪೂರ್ವಾ, ಹೊರಗ ಬರಾಕ ನಾ ಯಾರ್ನ ಕೇಳಬೇಕಂತ ಕೇಳ."

ಪೂರ್ವಾ ಎಂದಿನಂತೆ ಮರಾಠಿಯಲ್ಲಿ ಕೇಳಲು ಮೇಡಂ ಕಡೆ ತಿರುಗಿದಳು. ತಿರುಗಿದವಳು ಅಲ್ಲೇ ನಿಂತಳು. ನೀರು ಕುಡಿಯಲಾ, ಕೂಡಲಾ, ಮಲಗಲಾ ಎಂದು ಹುಲಿಗೆವ್ವ ಕೇಳಿದಾಗಲೆಲ್ಲ ತಾನು ಕಾಕೂನನ್ನು ಕೇಳಿ ಬಂದು ಹೇಳುತ್ತಿದ್ದದ್ದು ನೆನಪಾಯಿತು.

"ಯಾರ್ನೂ ಕೇಳೂದು ಬ್ಯಾಡ," ಎಂದಳು. ಅಮ್ಮನ ಸೆರಗು ಬಿಟ್ಟು ಕೈ ಚಾಚಿದಳು. "ಬಾ."

"ಅವಳು ಏನು ಕೇಳಿದಳು?" ಎಂದರು ಮೇಡಂ.

ಪೂರ್ವಾಳಿಗೆ ಅದನ್ನು ಮರಾಠಿಯಲ್ಲಿ ಹೇಳಲು ಆಗಲಿಲ್ಲ. ಅಷ್ಟರಲ್ಲಿ ಹುಲಿಗೆವ್ವ ಹೊರಗೆ ಬಂದಾಗಿತ್ತು.