ಹೊಟ್ಟೆಯ ಮೇಲಿನ ಹಸಿರು ದೀಪ

ಮೌನೇಶ ಬಡಿಗೇರನ ಹೊಟ್ಟೆಗೆ ಅಂಟಿಸಿದ್ದ ಬಿಲ್ಲೆ ಕೆಂಪಾಗಿ ಮಿಣುಕಿ, ಮರುಕ್ಷಣವೇ ಹಸಿರಾಯಿತು. ಕರುಳಿನೊಳಗೇ ಉಳಿದು ಉರಿ ಆರಿಸುವ 'ಶಮನಿ' ಗುಳಿಗೆ ತನ್ನ ಕೆಲಸ ಮುಗಿಸಿತ್ತು.

"ನಂಜು ನುಂಗಿ ನಗೋ ಗಂಡು ನಾನು! ಇಂಟರ್ವಲ್‌ಕಿಂತ ಮೊದಲ ಸಾಯಾಂವ ಅಲ್ಲ!" ಎಂದು ಎದೆ ತಟ್ಟಿಕೊಂಡು ಮಂಡಕ್ಕಿಯ ಗಿರ್ಮಿಟ್ ಕಲಸತೊಡಗಿದ. ಅವನು ಗದಗಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಹಾಸ್ಯನಟ. ಪರದೆ ಏಳುವ ಮುನ್ನ ಎಲ್ಲರಿಗೂ ಅವನ ಕೈತುತ್ತು ಬೇಕು. ತಿನ್ನದವರಿಗೆ ವೇದಿಕೆಯ ಮೇಲೆ ಮಾತು ಮರೆಯುತ್ತದೆಂಬ ನಂಬಿಕೆ.

ಕರುಳಿಗೆ ಬ್ಯಾಕ್ಟೀರಿಯಾ ಹೊಕ್ಕಾಗ ದೇಹದ ಕಾವಲು ಕೋಶಗಳು ಸುಡುವಂಥ ಆಮ್ಲಜನಕದ ಕಣಗಳನ್ನು ಎರಚುತ್ತವೆ. ಕ್ರಿಮಿ ಸಾಯುತ್ತದೆ; ಜೊತೆಗೆ ಕರುಳೂ ಉರಿದು ಊದಿಕೊಳ್ಳುತ್ತದೆ. ಆ ಉರಿಯನ್ನು ತಣಿಸುವ ಉತ್ಕರ್ಷಣರೋಧಕ ಕಿಣ್ವಗಳನ್ನು ದೇಹ ಅಳತೆ ನೋಡಿ ತಯಾರಿಸುತ್ತದೆ. ಶಮನಿ ಅವನ್ನೇ ಧಾರಾಳವಾಗಿ ಸುರಿಯುತ್ತಿತ್ತು.

ಮೊದಲು ಹಾರ್ಮೋನಿಯಂ ಮಾಸ್ತರು ಭೇದಿ ಹತ್ತಿ ಮಲಗಿದರು. ಆಮೇಲೆ ಖಳನಾಯಕ. ಕೊನೆಗೆ ಮೌನೇಶನ ತಂಗಿ, ನಾಯಕಿ ಸುಲೋಚನಾ, ರಕ್ತಭೇದಿಯಿಂದ ಆಸ್ಪತ್ರೆ ಸೇರಿದಳು. ಔಷಧಿಯಿಂದ ಚೇತರಿಸಿಕೊಂಡಳು. ಅಣ್ಣ ಮೊಸರನ್ನ ಕಲಸಿ ತುತ್ತಿಟ್ಟ. ಮತ್ತೆ ಕುಸಿದಳು.

"ಯಾವ್ದೋ ದೆವ್ವ ನನ್ನ ಬೆನ್ನು ಹತ್ತೇತ್ರಿ, ಮೇಡಂ. ನಾ ಹೋದಲ್ಲೆಲ್ಲಾ ಬರ್ತೈತಿ."

ಶಮನಿಯನ್ನು ರೂಪಿಸಿದ್ದ ಡಾ. ಹೇಮಲತಾ ಇಟಗಿ ಅವನ ಮಲಪರೀಕ್ಷೆಯ ಫಲಿತಾಂಶದಿಂದ ತಲೆ ಎತ್ತಲಿಲ್ಲ.

"ಅದು ನಿನ್ನ ಹೊಟ್ಟ್ಯಾಗ ಅದ, ಮೌನೇಶ. ನಮ್ಮ ಗುಳಿಗಿ ಉರಿ ಆರಿಸ್ತು. ಉರೀನ ಇಲ್ಲಂದ್ರ ಕ್ರಿಮಿ ಸಾಯೂದು ಹ್ಯಾಂಗ? ಅಲ್ಲೇ ಮನಿ ಮಾಡೇದ. ಕೈಯಿಂದ ಉಳಿದವ್ರಿಗೆ ಹೊಂಟದ."

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ.

"ಹಂಗಾರ ಈ ಪಿಚ್ಚರ್‌ನ್ಯಾಗ ವಿಲನ್ ನಾನಾ?"

"ನೀ ಬರೇ ವಿಲನ್‌ಗೆ ಮನಿ ಕೊಟ್ಟಾಂವ. ಕೊಡಿಸಿದಾಕಿ ನಾನು."

"ಬಂದ್ ಮಾಡ್ರಿ ಇದನ್ನ. ಉರೀಲಿ."

ಉರಿಯಿತು. ಹೊಟ್ಟೆ ಹಿಡಿದು ಉರುಳಾಡಿದ, ಔಷಧಿ ನಾಟಿತು, ಕ್ರಿಮಿ ಹೋಯಿತು. ಸುಲೋಚನಾ ಬದುಕಿದಳು. ಆದರೆ ಅವನ ಕೈತುತ್ತು ಕಂಡರೆ ಮುಖ ತಿರುಗಿಸುತ್ತಿದ್ದಳು. ಊರಲ್ಲಿ ಶಮನಿ ನುಂಗಿದ್ದ ನೂರಾರು ಜನರೆಲ್ಲ ಪರೀಕ್ಷೆಗೆ ಬರಬೇಕೆಂದು ಡಾಕ್ಟರು ಊರಿಡೀ ಸಾರಿಸಿದರು. ನೋವಿಲ್ಲದವರು ಯಾಕೆ ಬಂದಾರು?

ನಾಟಕ ಮತ್ತೆ ಶುರುವಾಯಿತು. ಟೆಂಟಿನ ದೀಪಗಳು ಆರಿದವು. ವೇದಿಕೆಗೆ ಬಂದ ಮೌನೇಶ ಅಲ್ಲೇ ನಿಂತುಬಿಟ್ಟ. ಕತ್ತಲಲ್ಲಿ, ಸೀರೆ ಅಂಗಿಗಳ ಒಳಗಿನಿಂದ, ಸಾಲುಸಾಲಾಗಿ ಹಸಿರು ದೀಪಗಳು ಅವನನ್ನೇ ನೋಡುತ್ತಿದ್ದವು. ಮುಂದಿನ ಸಾಲಿನಲ್ಲೊಬ್ಬ ತಾಯಿ ಮಂಡಕ್ಕಿ ಕಲಸಿ ಮಗಳ ಬಾಯಿಗೆ ತುತ್ತು ಒಯ್ಯುತ್ತಿದ್ದಳು.

"ಯವ್ವಾ, ತಿನಸಬ್ಯಾಡ! ನಿನ್ನ ಕೈಯಾಗ ಸಾವೈತಿ!"

ಸಿಳ್ಳೆಗಳು ಬಿದ್ದವು. "ಮೌನ್ಯಾ, ಇನ್ನೊಮ್ಮಿ ಹೊಡಿಲೇ ಡೈಲಾಗ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಟೆಂಟು ಹೊಟ್ಟೆ ಹಿಡಿದು ನಕ್ಕಿತು.

ನಕ್ಕಂತೆಲ್ಲ ಹಸಿರು ದೀಪಗಳು ಕುಣಿದವು.