ನೀಲಿ ಹಗ್ಗದ ಗಂಟು

ಜಾಲಹಳ್ಳಿ ದಾಟಿದರೆ ಒಂದು ಹಳೇ ಕಲ್ಲುಕ್ವಾರಿ. ಒಳಗೆ ಮೂವತ್ತು ಅಡಿ ನೀರು. ಭಾನುವಾರ ಹನ್ನೊಂದು ಗಂಟೆಗೆ ನಾವು ಅಲ್ಲಿ ಜೀಪಿನಿಂದ ಇಳಿದಾಗ ಅಂಬರೀಶನ ಹೆಣ ಬಂಡೆಯ ಮೇಲಿತ್ತು. ನೀರಮಾನ್ವಿಯ ಹುಡುಗ, ಇಪ್ಪತ್ಮೂರು ವರ್ಷ. ನೀರಿನಲ್ಲಿ ಮುಳುಗಿದವರನ್ನು ಉಳಿಸುವ ಕೆಲಸ ಕಲಿಯಲು ಗಾಳಿಯ ಸಿಲಿಂಡರು ಹೊತ್ತು ಮುಳುಗುವ ಸ್ಕೂಬಾ ತರಬೇತಿಗೆ ಸೇರಿದ್ದ. ಬೆನ್ನಿನ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿದಿತ್ತು.

ನಾನು ಹೆಡ್ ಕಾನ್‌ಸ್ಟೇಬಲ್ ಪಕೀರಪ್ಪ. ತಲೆಗೆ ಹೊಳೆದದ್ದನ್ನು ಕೂಡಲೇ ಒದರಿಬಿಡುವ ಚಟ ನನ್ನದು.

"ಕುಡಿದು ಇಳಿದಿರಬೇಕ್ರಿ ಮೇಡಂ."

ಪಿಎಸ್ಐ ಶೈಲಶ್ರೀ ಮೇಡಂ ತಲೆ ಎತ್ತಲಿಲ್ಲ. "ವಾಸನಿ ಬಂತೇನು?"

"ಇಲ್ರಿ."

"ಹಂಗಿದ್ರ ಬರ್ಕೋಬ್ಯಾಡ್ರಿ."

ಆದರೆ ನಾನು ಬರೆದುಕೊಂಡಾಗಿತ್ತು. ಮೇಡಂ ಕುರಿ ಕಾಯುವವರ ಮನೆಯ ಮಗಳು. ನೂರು ಕುರಿಗಳ ನಡುವೆ ಕುಂಟುವ ಒಂದನ್ನು ದೂರದಿಂದಲೇ ಹಿಡಿಯುವ ಕಣ್ಣು. ಇಂಥವರ ಕೈಕೆಳಗೆ ಕೆಲಸ ಮಾಡುವುದು ನನ್ನ ಪುಣ್ಯ, ಆ ಮಾತು ಬೇರೆ.

ತರಬೇತುದಾರ ಅನಿಲಕುಮಾರನದು ರಾಯಚೂರಿನಲ್ಲಿ ಆಫೀಸು. ಎಲ್ಲ ಕಾಗದ ಜೋಡಿಸಿ ತಂದಿದ್ದ. ಅಂಬರೀಶ ಸಹಿ ಮಾಡಿದ ಫಾರ್ಮು: 'ಏನಾದರೂ ಆದರೆ ನಾನೇ ಹೊಣೆ'. ಪಕ್ಕದಲ್ಲಿ, ಅಂಬರೀಶ ಕಟ್ಟಿಕೊಂಡಿದ್ದು ಇದೇ ಎಂದು ತೋರಿಸಿದ ಸೀಸದ ಬೆಲ್ಟು. ಗಾಳಿ ತುಂಬಿದ ಮೈ ತೇಲದಂತೆ ಸೊಂಟಕ್ಕೆ ಕಟ್ಟುವ ಭಾರ ಅದು. ಕಪ್ಪು ಪಟ್ಟಿ, ಸ್ಟೀಲಿನ ಬಕಲ್, ಒಟ್ಟು ನಾಲ್ಕು ಕಿಲೋ. ಅಪಾಯ ಬಂದರೆ ಒಂದೇ ಕೈಯಲ್ಲಿ ಎಳೆದು ಬಿಸಾಡಬೇಕು. ಮೇಡಂ ಎಳೆದರು. ಟಕ್ಕನೆ ಬಿಚ್ಚಿತು.

"ನಾ ಬ್ಯಾಡಂದ್ರೂ ದೂರ ಹೋದ್ನಿರಿ," ಎಂದ ಅನಿಲಕುಮಾರ. "ಅಲ್ಲಿ ಮೀನು ಹಿಡಿಯೋ ಗಡಿಗೆಪ್ಪನ ಬಲಿ ಇತ್ತು. ಸಿಕ್ಕೊಂಡ."

"ಹೆಣ ಮ್ಯಾಲ ತಂದವರು ಯಾರು?"

"ಅದೇ ಗಡಿಗೆಪ್ಪ. ತಂದಿಟ್ಟು ಓಡಿಹೋದ."

ಓಡಿಹೋದ ಎಂದರೆ ಸಾಕು, ನನಗೆ ಕಳ್ಳ ಸಿಕ್ಕ ಹಾಗೇ.

* * *

ಮರುದಿನ ರಾಯಚೂರಿನ ಶವಾಗಾರದ ಮುಂದೆ ಅಂಬರೀಶನ ತಾಯಿ ಬಸ್ಸಮ್ಮ ಕುಳಿತಿದ್ದಳು. ಮೇಡಂ ಅವರನ್ನು ಕಂಡೊಡನೆ ಎದ್ದಳು.

"ಯವ್ವಾ, ಹೇಳಿದ ಮಾತು ಮೀರಿ ಸತ್ತ ಅಂತಾರ. ಕುಡದಿದ್ದ ಅಂತನೂ ಅಂತಾರ. ನನ್ನ ಮಗ ಅಂಥಾವ ಅಲ್ಲ. ಸತ್ತಾಂವ ಬರಂಗಿಲ್ಲ, ಗೊತ್ತದ. ಅವನ ಹೆಸರರ ಉಳಿಸಿಕೊಡ್ರಿ."

ನಾನು ಬೂಟು ನೋಡುತ್ತಾ ನಿಂತೆ.

ವೈದ್ಯರು ಹೊರಬಂದು ಹೇಳಿದರು. ಮದ್ಯದ ಸುಳಿವಿಲ್ಲ. ಮೂರು ಉಗುರು ಮುರಿದಿವೆ. ಉಗುರಿನೊಳಗೆ ನೀಲಿ ನೈಲಾನ್ ಎಳೆ. ಸೊಂಟದ ಮೇಲೆ ತನ್ನದೇ ಉಗುರಿನ ಗೀರುಗಳು.

"ಮೀನಿನ ಬಲಿ!" ಎಂದೆ ನಾನು.

"ಬಲಿ ಆಗಿದ್ರ ಕೈಕಾಲಿಗೆ ಗೀರು ಇರ್ತಿದ್ವು. ಬರೇ ಸೊಂಟಕ್ಕ ಯಾಕ?"

"ಗಾಳಿನೇ ಕೆಟ್ಟಿತ್ತೋ ಏನೋ."

"ಎಂಟೂ ಸಿಲಿಂಡರು ಒಂದೇ ಕಡೆ ತುಂಬಿದ್ದು. ಅವನ ಜೋಡಿ ಕಲಿಯಾಕ ಬಂದ ಉಳಿದ ಏಳು ಮಂದಿ ಆರಾಮ ಅದಾರಲ್ಲ."



* * *

ಏಳು ಮಂದಿಯಲ್ಲಿ ದುರ್ಗಾ ಎಂಬ ಹುಡುಗಿ ಮಾತಾಡಿದಳು. ನೀರು ಕೆಸರಾಗಿತ್ತು, ಒಳಗೆ ನಡೆದದ್ದು ಯಾರಿಗೂ ಕಂಡಿರಲಿಲ್ಲ.

"ಒಳಗ ಕಲಿಸಾಕ ಎಷ್ಟು ಮಂದಿ ಇದ್ರು?"

"ಸರ್ ಒಬ್ರೇ ರೀ. ದಂಡಿ ಮ್ಯಾಗೂ ಯಾರಿಲ್ಲ. ಅಂಬರೀಶಣ್ಣ ಭಾಳ ತೆಳ್ಳಗ. ಎರಡು ಸಲ ತೇಲಿ ಮ್ಯಾಲ ಬಂದ. ಸರ್ ಬೈದು, ದಂಡಿಗೆ ಕರಕೊಂಡು ಹೋಗಿ, ಹಿಂದ ನಿಂತು ಬೆಲ್ಟ್ ಕಟ್ಟಿದ್ರು. ಮೂರನೇ ಸಲ ಬರಲೇ ಇಲ್ಲ."

ಯಾರು ಎಷ್ಟು ಭಾರ ಕಟ್ಟಿ ಇಳಿದರೆಂದು ಅನಿಲಕುಮಾರ ಬರೆದಿಟ್ಟಿದ್ದ ಲಾಗ್ ಹಾಳೆಯನ್ನು ಮೇಡಂ ತೆರೆದರು. ಮೂರು ಸಲವೂ ನಾಲ್ಕು ಕಿಲೋ ಎಂದೇ ಇತ್ತು.

"ಪಕೀರಪ್ಪನವರ, ನಾಕು ಕಿಲೋಕ್ಕ ಎರಡು ಸಲ ತೇಲಿದಾಂವ ಮೂರನೇ ಸಲ ಯಾಕ ತೇಲಲಿಲ್ಲ?"

 ಗಡಿಗೆಪ್ಪನ ಮನೆಯ ಕಡೆಗೆ ಜೀಪು ತಿರುಗಿಸಿದೆ.

* * *

ಗಡಿಗೆಪ್ಪ ಅರವತ್ತು ದಾಟಿದ ಮೀನುಗಾರ. ಕೃಷ್ಣಾ ಹೊಳೆಯಲ್ಲಿ ಮುಳುಗಿದವರನ್ನು ತೆಗೆಯಲು ಸುತ್ತಲಿನ ಊರುಗಳು ಅವನನ್ನೇ ಕರೆಯುತ್ತವೆ.  ಬಲೆ ಗೂಟಕ್ಕೆ ನೇತಾಡುತ್ತಿತ್ತು. ಬೆಳ್ಳಗಿನ ಸಣ್ಣ ದಾರ. ನೀಲಿ ಎಳೆ ಒಂದೂ ಇರಲಿಲ್ಲ. ಬಲೆಯ ಕೆಳಗೆ ಒಲೆ, ಒಲೆಯ ಪಕ್ಕ ಸೀಸ ಕರಗಿಸುವ ಸೌಟು.

ಮೇಡಂ ಸೌಟು ನೋಡಿದರು. ಬಲೆ ಮುಳುಗಲು ಅಂಚಿಗೆ ಸೀಸದ ಗುಂಡು ಕಟ್ಟಬೇಕು, ಮೀನುಗಾರರು ಅದನ್ನು ಮನೆಯಲ್ಲೇ ಎರಕ ಹೊಯ್ಯುತ್ತಾರೆ.

"ಯಪ್ಪಾ," ಎಂದು ಮೇಡಂ ನೆಲದ ಮೇಲೆ ಕೂತರು. "ಆ ಹುಡುಗನ್ನ ಹ್ಯಾಂಗ ಮ್ಯಾಲ ತಂದಿ?"

"ಉಸುರು ಬಿಗಿಹಿಡದು ಮುಳುಗಿದೆ. ಎತ್ತಿದ್ರ ಏಳಲಿಲ್ಲ. ಸೊಂಟದಾಗ ಗಂಟು, ಬಿಚ್ಚಲಿಲ್ಲ. ಕುಡಗೋಲಿನಿಂದ ಕೊಯ್ದೆ."

"ಕೊಯ್ದಿ?" ಮೇಡಂ ನನ್ನ ಕಡೆ ನೋಡಿದರು. ದಂಡೆಯಲ್ಲಿದ್ದ ಬೆಲ್ಟಿಗೆ ಒಂದು ಗೀರೂ ಇರಲಿಲ್ಲ.

"ಆ ಬೆಲ್ಟ್ ಎಲ್ಲ್ಯದ?"

ಮುದುಕ ಅಳತೊಡಗಿದ. "ನೀರಿನ ತಳದಾಗ ಬಿದ್ದಿತ್ತು, ಮರುದಿನ ನಸುಕಿನ್ಯಾಗ ಹೋಗಿ ತಂದೀನ್ರಿ. ಸೀಸದ ಆಸಿ. ಹೆಣದ ಮ್ಯಾಲಿಂದು ಮನಿಗೆ ತರಬಾರದು, ತಂದೆ. ಕರಗಸಾಕ ಕೈ ಬರವಲ್ದು. ಅವತ್ತ ಪೊಲೀಸರಿಗೆ ಅಂಜಿ ಓಡಿದೆ, ಆಮ್ಯಾಲ ಕಳ್ಳ ಆದೆ, ಅದಕ್ಕ ಅಡಗಿದೆ."

ಹಿತ್ತಲಿನ ಗೋಣಿಯಿಂದ ತಂದು ಮುಂದಿಟ್ಟ. ಪಟ್ಟಿಗೆ ಪೋಣಿಸಿದ, ಎರಡೆರಡು ಕಿಲೋದ ಆರು ಸೀಸದ ಗಟ್ಟಿ. ಎಲ್ಲದರ ಮೇಲೂ ತರಬೇತಿ ಕೇಂದ್ರದ ಕೆಂಪು ಗುರುತು. ಪಟ್ಟಿಗೆ ಬಕಲ್ ಇಲ್ಲ. ಬಕಲ್ ಇರಬೇಕಾದ ಕಡೆ ನೀಲಿ ನೈಲಾನ್ ಹಗ್ಗ, ಕುಡುಗೋಲು ತಾಗಿದ ಜಾಗದ ಪಕ್ಕದಲ್ಲೇ ಬಿಗಿದ ಗಂಟು. ಗಂಟಿನ ಎಳೆಗಳು ಕಿತ್ತುಬಂದಿದ್ದವು.

"ನೀ ಕಳ್ಳ ಅಲ್ಲ ಯಪ್ಪಾ," ಎಂದರು ಮೇಡಂ. "ನಮ್ಮ ಸಾಕ್ಷಿ."

ಅರವತ್ತರ ಮೇಲೆ, ಒಂದೇ ಉಸಿರಿನಲ್ಲಿ, ಕೆಸರು ನೀರಿನ ತಳಕ್ಕಿಳಿದು ಹಗ್ಗ ಕೊಯ್ದ ಮನುಷ್ಯ. ಅವನನ್ನೇ ಹಿಡಿಯಲು ಬಂದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

* * *

ಸ್ಟೇಷನ್ನಿನಲ್ಲಿ ಮೇಡಂ ಅನಿಲಕುಮಾರನ ಸೊಂಟಕ್ಕೆ ಬೇರೊಂದು ಒದ್ದೆ ನೈಲಾನ್ ಹಗ್ಗ ಕಟ್ಟಿಸಿದರು. ಹಗ್ಗಕ್ಕೆ ಹನ್ನೆರಡು ಕಿಲೋ ಭಾರ.

"ಬಿಚ್ಚಿರಿ."

ಭಾರ ಬಿದ್ದಷ್ಟೂ ಗಂಟು ಬಿಗಿಯಿತು. ಎರಡು ನಿಮಿಷವಾಯಿತು, ಮೂರಾಯಿತು. ಅವನ ಹಣೆಯಲ್ಲಿ ಬೆವರು.

"ಇಲ್ಲಿ ಬೆಳಕದ, ಗಾಳಿ ಅದ," ಎಂದರು ಮೇಡಂ. "ಅವನಿಗೆ ಏನೂ ಇರಲಿಲ್ಲ. ಬಾಯಿಂದ ಗಾಳಿ ನಳಿಗಿ ಜಾರೇತಿ. ಹೊಸಬರಿಗೆ ಜಾರತದ. ಭಾರ ಬಿಟ್ಟಿದ್ರ ತೇಲಿ ಬದುಕತಿದ್ದ. ಎಂಟು ಮಂದಿಗೆ ನೀವೊಬ್ರೇ. ತೇಲೋ ಹುಡುಗನ್ನ ಪದೇ ಪದೇ ಇಳಸಾಕ ಬ್ಯಾಸರ, ಅದಕ್ಕ ನಾಕರದು ಹನ್ನೆರಡು ಮಾಡಿದ್ರಿ. ಬಕಲ್ ಮುರದಿತ್ತು, ಹಗ್ಗ ಬಿಗದ್ರಿ. ಸತ್ತ ಮ್ಯಾಲ ಬ್ಯಾರೆ ಬೆಲ್ಟ್ ತಂದಿಟ್ರಿ. ಉಳಿದ ನೀಲಿ ಹಗ್ಗದ ಸುರುಳಿ ನಿಮ್ಮ ಗೋದಾಮಿನಾಗ ಸಿಕ್ಕೇತಿ."

"ಮೇಡಂ, ಅವನು ಸಹಿ ಮಾಡ್ಯಾನ..."

"ನೀರಿಗೆ ಇಳೀತೀನಿ ಅಂತ ಸಹಿ ಮಾಡ್ಯಾನ. ನೀವು ಕಟ್ಟಿ ಮುಳುಗಸ್ರಿ ಅಂತ ಅಲ್ಲ. ನಿರ್ಲಕ್ಷ್ಯಕ್ಕ ಯಾವ ಕಾಗದನೂ ಮಾಫಿ ಕೊಡಂಗಿಲ್ಲ."

 ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ. ಎರಡೂ ಕಲಮುಗಳನ್ನು ನಾನೇ ಬರೆದೆ.

* * *

ಆರೋಪಪಟ್ಟಿ ಸಲ್ಲಿಸಿದ ದಿನ ಮೇಡಂ ಅದರ ಪ್ರತಿ ಹಿಡಿದು ನೀರಮಾನ್ವಿಗೆ ಹೋದರು. ಬಸ್ಸಮ್ಮನಿಗೆ ಓದು ಬಾರದು.

"ಪಕೀರಪ್ಪನವರ, ನೀವ ಓದ್ರಿ," ಎಂದು ಮೇಡಂ ಕಾಗದ ನನ್ನ ಕೈಗಿಟ್ಟರು. ಬೇಕಂತಲೇ ಕೊಟ್ಟರು, ನನಗೆ ಗೊತ್ತು.

"'ಮೃತ ಅಂಬರೀಶ ಮದ್ಯ ಸೇವಿಸಿರಲಿಲ್ಲ. ತರಬೇತುದಾರನ ಸೂಚನೆ ಮೀರಿರಲಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಕೊನೆಯವರೆಗೂ ಪ್ರಯತ್ನಿಸಿದ್ದಾನೆ. ಆತನ ಯಾವ ತಪ್ಪೂ ಇಲ್ಲ.'"



"ಯವ್ವಾ," ಎಂದೆ, "ಕುಡದಾನ ಅಂತ ಮೊದಲು ಅಂದಾಂವ ನಾನ. ತಪ್ಪಾತು."

 ಬಸ್ಸಮ್ಮ ಎದ್ದು ಓಣಿಯ ಕಡೆಗಿದ್ದ ಬಾಗಿಲನ್ನು ಪೂರ್ತಿ ತೆರೆದಳು.

"ಇನ್ನೊಮ್ಮಿ ಓದಪ್ಪಾ. ಜೋರಾಗಿ ಓದು."